ಅರ್ಧ ಮಿಲಿಮೀಟರ್ ಬಿಟ್ಟ ಗೆರೆ

ಗೆರೆಯಮ್ಮನ ಬಗ್ಗೆ ಬರೆಯಲು ನಾನು ತಕ್ಕವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷ ಅವರ ಪಕ್ಕದ ಕೋಣೆಯಲ್ಲೇ ಕೆಲಸ ಮಾಡಿದೆ. ನಡುವೆ ಇದ್ದದ್ದು ಒಂದು ಹಲಗೆ ಗೋಡೆ. ಅವರು ಕೆಮ್ಮಿದರೆ ನನಗೆ ಕೇಳುತ್ತಿತ್ತು, ನಾನು ಯಾರಿಗಾದರೂ ಬೈದರೆ ಅವರಿಗೆ ಕೇಳುತ್ತಿತ್ತು. ಆದರೂ ನಿಮ್ಮ ಮನೆ ಯಾವ ಬೀದಿಯಲ್ಲಿ ಎಂದು ಒಂದು ದಿನವೂ ಕೇಳಿದವನಲ್ಲ. ಇದು ಗೊತ್ತಾದಾಗ ನನ್ನ ಹೆಂಡತಿ, "ನೀವು ಮನುಷ್ಯರೋ ಮರದ ಕೊರಡೋ?" ಅಂದಳು. ಅವಳ ಮಾತಿಗೆ ನಾನು ಸಾಮಾನ್ಯವಾಗಿ ಎದುರು ಹೇಳುತ್ತೇನೆ. ಆ ದಿನ ಹೇಳಲಿಲ್ಲ.

ನಮ್ಮದು ಮಿದುಳಿನ ನರಕೋಶಗಳನ್ನು ಪರೀಕ್ಷಿಸುವ ಲ್ಯಾಬು. ನನ್ನ ಕೆಲಸ ಕೊಯ್ಯುವುದು. ಇಲಿಯ ಮಿದುಳನ್ನು ನಡುಗುವ ಬ್ಲೇಡಿನ ಯಂತ್ರಕ್ಕೆ ಅಂಟಿಸಿ, ಉಗುರಿಗಿಂತ ತೆಳ್ಳಗಿನ ಬಿಲ್ಲೆಗಳಾಗಿ ಕೊಯ್ದು, ಉಪ್ಪುನೀರಿನಲ್ಲಿ ಬಿಟ್ಟು, ಅದರಲ್ಲಿ ಆಮ್ಲಜನಕದ ಗುಳ್ಳೆ ಹಾಯಿಸುತ್ತ ಐದಾರು ಗಂಟೆ ಜೀವಂತ ಇಡಬೇಕು. ಬಿಲ್ಲೆ ಚೂರು ಹರಿದರೂ ಓದಿದವರೆಲ್ಲ ಬಂದು ನನ್ನ ಮೇಲೆ ಹಾರಾಡುತ್ತಾರೆ. ನಾನೂ ಬಿಡುವವನಲ್ಲ. ಅವರು ಗಾಜಿನ ಸೂಜಿ ಚುಚ್ಚಿ ಒಂದು ಕೋಶದ ಮಾತು ಕೇಳಿಸಿಕೊಂಡು, ಅದೇ ಸೂಜಿಯಿಂದ ಆ ಕೋಶದೊಳಗೆ ಒಂದು ದ್ರವ ತುಂಬುತ್ತಾರೆ. ಆಮೇಲೆ ಬಿಲ್ಲೆಯನ್ನು ತೊಳೆದು ಬಣ್ಣ ಕಟ್ಟಿಸಿದರೆ ಆ ಒಂದೇ ಕೋಶ ಗಾಜಿನ ಮೇಲೆ ಕಪ್ಪಗೆ ಏಳುತ್ತದೆ. ನಡುವೆ ಗುಂಡಗಿನ ಒಡಲು, ಅದರಿಂದ ಎಲ್ಲ ದಿಕ್ಕಿಗೂ ಹೊರಟ ಕೊಂಬೆಗಳು, ಕೊಂಬೆಗೆ ಕವಲು, ಕವಲಿಗೆ ಮರಿಕವಲು. ಆ ಗಾಜು ಗೆರೆಯಮ್ಮನ ಮೇಜಿಗೆ ಹೋಗುತ್ತದೆ.

ಅವರು ಅದನ್ನು ಕಾಗದದ ಮೇಲೆ ಗೆರೆ ಗೆರೆಯಾಗಿ ಬರೆಯುತ್ತಿದ್ದರು, ಆ ಹೆಸರು ಬಂದದ್ದೇ ಅದರಿಂದ. ಅವರ ಸೂಕ್ಷ್ಮದರ್ಶಕದ ಪಕ್ಕಕ್ಕೆ ಕನ್ನಡಿಯಿರುವ ಒಂದು ಕೊಳವೆ ಜೋಡಿಸಿತ್ತು. ಅದರಲ್ಲಿ ಕಣ್ಣಿಟ್ಟರೆ ಗಾಜಿನ ಮೇಲಿನ ಕೋಶವೂ ಮೇಜಿನ ಮೇಲೆ ಪೆನ್ಸಿಲ್ ಹಿಡಿದ ನಮ್ಮದೇ ಕೈಯೂ ಒಟ್ಟಿಗೆ ಕಾಣುತ್ತವೆ. ಕೊಂಬೆಯ ಮೇಲೆ ಪೆನ್ಸಿಲ್ ಓಡಿಸುತ್ತ ಹೋಗಬೇಕು. ಹೇಳಲು ಸುಲಭ. ನಾನು ಒಂದು ಸಲ ತಮಾಷೆಗೆ ಕೂತು ಹತ್ತು ನಿಮಿಷದಲ್ಲಿ ತಲೆನೋವು ಬರಿಸಿಕೊಂಡು ಎದ್ದೆ. ಕಂಪ್ಯೂಟರೂ ಬಂತು, ಬರಲಿಲ್ಲ ಎಂದಲ್ಲ. ಕೊಂಬೆಗಳು ಒತ್ತಾಗಿರುವ ಕಡೆ ಅದು ತಬ್ಬಿಬ್ಬಾಗಿ ಏನೇನೋ ಜೋಡಿಸುತ್ತಿತ್ತು. ಆಗ ನಮ್ಮ ದೊಡ್ಡ ಡಾಕ್ಟರು, ಎಂದರೆ ಲ್ಯಾಬಿನ ಮುಖ್ಯಸ್ಥರು, "ಗೆರೆಯಮ್ಮನ ಹತ್ರ ಕೊಡ್ರಯ್ಯ" ಅಂದುಬಿಡುತ್ತಿದ್ದರು.

ಆ ಕೆಲಸದಲ್ಲಿ ಒಂದೇ ಕಷ್ಟ. ಒಂದು ಕೊಂಬೆ ಎರಡಾಗಿ ಒಡೆದರೆ ಕವಲು. ಒಂದು ಕೊಂಬೆಯ ಮೇಲೆ ಇನ್ನೊಂದು ಸುಮ್ಮನೆ ಹಾದುಹೋದರೆ ಅದಕ್ಕೆ ನಾವು ದಾಟು ಅನ್ನುತ್ತೇವೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಸೂಕ್ಷ್ಮದರ್ಶಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಬೇಕು. ಕವಲಾದರೆ ಎಲ್ಲ ಎಳೆಗಳೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ದಾಟಾದರೆ ಒಂದು ಸ್ಪಷ್ಟವಾದಾಗ ಇನ್ನೊಂದು ಮಸುಕು. ದಾಟು ಎಂದು ಖಾತ್ರಿಯಾದರೆ ಕೆಳಗಿನ ಕೊಂಬೆಯ ಗೆರೆಯನ್ನು ಅಲ್ಲಿ ಅರ್ಧ ಮಿಲಿಮೀಟರ್ ಖಾಲಿ ಬಿಡಬೇಕು. ಎಳೆಗಳು ಸೇರಿದಂತೆ ಕಾಣುವ ಪ್ರತಿ ಕೂಡಿಕೆಯನ್ನೂ ಗೆರೆಯಮ್ಮ ಮೂರು ಸಲ ನೋಡುತ್ತಿದ್ದರು, ಮೂರು ಬೇರೆ ದಿನ. ಇಪ್ಪತ್ತೆಂಟು ವರ್ಷದಲ್ಲಿ ಅವರ ಗೆರೆ ತಪ್ಪಿತು ಎಂದು ಯಾರೂ ಗಾಜು ವಾಪಸು ತಂದದ್ದಿಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ ಅವರಿಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಮದುವೆಯಾಗಲಿಲ್ಲ. ತಾಯಿಯ ಜೊತೆ ಇದ್ದರು, ಒಂಬತ್ತು ವರ್ಷದ ಹಿಂದೆ ತಾಯಿ ಹೋದರು. ಬೇರೆ ಊರಿನಲ್ಲಿ ಒಬ್ಬ ತಮ್ಮ. ತಿಂಗಳ ಮೊದಲ ಭಾನುವಾರ ಅವನು ಫೋನ್ ಮಾಡುತ್ತಿದ್ದನಂತೆ. ಊಟ ಆಯ್ತಾ, ಆರೋಗ್ಯವಾ, ಸರಿ ಇಡ್ತೀನಿ ಅಕ್ಕ. ಮಧ್ಯಾಹ್ನ ಗೆರೆಯಮ್ಮ ಕಿಟಕಿಯ ಪಕ್ಕ ಗೋಡೆಗೆ ಮುಖ ಮಾಡಿ ಡಬ್ಬಿ ಬಿಚ್ಚುತ್ತಿದ್ದರು. ನಾವು ಐದಾರು ಜನ ಆಚೆ ಮೇಜಿನಲ್ಲಿ ಕೂತು ಹರಟುತ್ತಿದ್ದೆವು. ಕರೆಯಬಹುದಿತ್ತು. ಅವರಿಗೇ ಒಬ್ಬರೇ ಇರುವುದು ಇಷ್ಟ ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೆವು. ಎಂಥ ಅನುಕೂಲದ ತೀರ್ಮಾನ!

ಆಮೇಲೆ ಸೂಜಿ ಹುಡುಗಿ ಬಂದಳು. ಸಂಶೋಧನೆಗೆ ಸೇರಿದ ಎಷ್ಟೋ ಹುಡುಗ ಹುಡುಗಿಯರನ್ನು ನಾನು ಕಂಡಿದ್ದೇನೆ, ಹೆಚ್ಚಿನವರಿಗೆ ಮೂಗಿನ ತುದಿಯಲ್ಲೇ ಕೋಪ. ಇವಳು ಗಾಜಿನ ಸೂಜಿಯನ್ನು ತಾನೇ ಎಳೆದು ಮಾಡಿಕೊಳ್ಳುತ್ತಿದ್ದಳು, ಬಿಲ್ಲೆ ಹರಿದರೆ "ಪರವಾಗಿಲ್ಲ ಸಾರ್, ಇನ್ನೊಂದು ಕೊಯ್ರಿ" ಅನ್ನುತ್ತಿದ್ದಳು. ಮೊದಲ ವಾರವೇ ಗೆರೆಯಮ್ಮನ ಕೋಣೆಗೆ ಹೋಗಿ ಸ್ಟೂಲು ಎಳೆದುಕೊಂಡು ಕೂತಳು. ಹಲಗೆ ಗೋಡೆ ತಾನೆ, ಎಲ್ಲ ಕೇಳಿಸಿತು.

"ಮೇಡಂ, ಈ ಕೊಂಬೆಗಳು ಏನು ಮಾಡ್ತವೆ ಅಂತ ನಿಮಗೆ ಗೊತ್ತಲ್ಲ?"

"ನನಗೆಲ್ಲಿಂದ ಗೊತ್ತಾಗ್ಬೇಕಮ್ಮ. ಇಪ್ಪತ್ತೈದು ವರ್ಷ ಆಯ್ತು ಬರೆಯೋಕೆ ಶುರು ಮಾಡಿ. ಹೀಗೆ ಬರೀರಿ ಅಂದ್ರು, ಬರೆದೆ. ಇದಕ್ಕೇನು ಕೆಲಸ ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ಅಯ್ಯೋ!" ಎಂದಳು ಹುಡುಗಿ. ನಿಜವಾಗಿ ನೊಂದವಳ ಹಾಗೆ ಎಂದಳು. ನನಗೆ ಗೋಡೆಯ ಈಚೆ ನಾಚಿಕೆಯಾಯಿತು, ಯಾಕೆಂದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ವಿವರಿಸಿದ್ದು ನನಗೂ ಅರ್ಥವಾಯಿತು. ಬೇರೆ ಬೇರೆ ನರಕೋಶಗಳಿಂದ ಬರುವ ಸಂಕೇತಗಳು ಈ ಕೊಂಬೆಗಳ ಮೇಲೆ ಬಂದು ಬೀಳುತ್ತವೆ. ಸಾವಿರಾರು ಕಡೆ, ಒಂದೊಂದು ಬಹಳ ಸಣ್ಣದು. ಅವೆಲ್ಲ ಕೊಂಬೆಗುಂಟ ಹರಿದು ಒಡಲಿಗೆ ಹೋಗಿ ಕೂಡಿಕೊಳ್ಳುತ್ತವೆ, ಮೊತ್ತ ಸಾಕಷ್ಟಾದರೆ ಕೋಶ ಮುಂದಿನದಕ್ಕೆ ಸುದ್ದಿ ಕಳಿಸುತ್ತದೆ. ಕೊಂಬೆ ಬರೀ ತಂತಿ, ಅದಕ್ಕೆ ಸ್ವಂತ ಬುದ್ಧಿ ಇಲ್ಲ ಎಂದು ಹಿಂದೆ ತಿಳಿದಿದ್ದರಂತೆ. ಹಾಗಲ್ಲ ಎಂಬುದಕ್ಕೆ ಸಾಕ್ಷಿ ಹುಡುಕುವವರಲ್ಲಿ ಇವಳೂ ಒಬ್ಬಳು.

"ಒಂದೇ ಸಿಗ್ನಲ್ಲು ದೂರದ ತುದೀಲಿ ಬಿತ್ತು ಅಂದ್ಕೊಳ್ಳಿ ಮೇಡಂ, ದಾರೀಲೇ ಸೋರಿಹೋಗತ್ತೆ. ಒಡಲಿಗೆ ಬರೋ ಹೊತ್ತಿಗೆ ಇದ್ಯೋ ಇಲ್ವೋ ಅನ್ನೋ ಹಾಗೆ."

"ನನ್ನ ತಮ್ಮನ ಫೋನಿನ ಹಾಗೆ ಅನ್ನು" ಎಂದರು ಗೆರೆಯಮ್ಮ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹುಡುಗಿ ಜೋರಾಗಿ ನಕ್ಕಳು. "ಹೂಂ, ಹಂಗೇ. ಎರಡು ಬೇರೆ ಬೇರೆ ಕೊಂಬೆ ಮೇಲೆ ಎರಡು ಬಿದ್ರೂ ಅಷ್ಟೇ, ಇದಿಷ್ಟು ಅದಿಷ್ಟು ಅಂತ ಸುಮ್ನೆ ಕೂಡ್ಕೊಳ್ಳತ್ತೆ. ಆದ್ರೆ ಒಂದೇ ಕೊಂಬೆ ಮೇಲೆ, ಹತ್ತಿರ ಹತ್ತಿರ, ಒಂದೇ ಹೊತ್ತಿಗೆ ಎರಡು ಬಿದ್ರೆ ಆ ಕೊಂಬೆನೇ ಎದ್ದು ಕೂಗತ್ತೆ. ಒಂದೂ ಒಂದೂ ಸೇರಿ ಎರಡಾಗಲ್ಲ, ಮೂರೋ ನಾಲ್ಕೋ ಆಗತ್ತೆ. ಸಣ್ಣ ಕೊಂಬೆ ತಾನೇ ಯೋಚನೆ ಮಾಡಿ ತೀರ್ಮಾನ ಹೇಳ್ದಂಗೆ."

"ಒಂದೇ ಕೊಂಬೆನೋ ಬೇರೆನೋ ಅಂತ ಹೇಳೋರು ಯಾರು?"

"ನೀವೇ!" ಎಂದಳು. "ನಾನು ಎರಡು ಕಡೆ ಸೂಜಿ ತುದಿ ಇಟ್ಟು ಕೆಣಕ್ತೀನಿ, ಒಡಲಲ್ಲಿ ಅಳೀತೀನಿ. ಆ ಎರಡು ಚುಕ್ಕಿ ಒಂದೇ ಕೊಂಬೆದು ಹೌದೋ ಅಲ್ವೋ, ಅದು ನಿಮ್ಮ ಗೆರೆಯಿಂದಲೇ ಗೊತ್ತಾಗ್ಬೇಕು."

ಆ ಮಧ್ಯಾಹ್ನ ಗೆರೆಯಮ್ಮ ಗೋಡೆಗೆ ಮುಖ ಮಾಡಿ ಕೂರಲಿಲ್ಲ. ಇಬ್ಬರೂ ಎದುರುಬದುರು ಕೂತು ಡಬ್ಬಿ ಬಿಚ್ಚಿದರು. ಆರು ತಿಂಗಳಲ್ಲಿ ಮೇಡಂ ಹೋಗಿ ಚಿಕ್ಕಮ್ಮ ಆಯಿತು. ಹುಡುಗಿಯ ಅಪ್ಪ ಅಮ್ಮ ದೂರದಲ್ಲಿದ್ದರು, ಅವಳು ನಾಲ್ಕು ಜನರೊಂದಿಗೆ ಒಂದು ಕೋಣೆ ಹಂಚಿಕೊಂಡಿದ್ದಳು. ಭಾನುವಾರ ಬಟ್ಟೆ ಒಗೆಯಲು ಗೆರೆಯಮ್ಮನ ಮನೆಗೆ ಹೋಗುತ್ತಿದ್ದಳು, ಊಟ ಅಲ್ಲೇ. ಸೋಮವಾರ ಬಂದು, "ಚಿಕ್ಕಮ್ಮ, ನೀವು ನಿನ್ನೆ ಪಗಡೇಲಿ ಮೋಸ ಮಾಡಿದ್ರಿ" ಎಂದು ಗಲಾಟೆ ಮಾಡುತ್ತಿದ್ದಳು. "ಸೋತೋರು ಹಂಗೇ ಅನ್ನೋದು ಬಿಡು" ಎಂದು ಗೆರೆಯಮ್ಮ ಬೀಗುತ್ತಿದ್ದರು. ಅವರು ಹೊಸ ಕನ್ನಡಕ ಮಾಡಿಸಿಕೊಂಡರು, ಬಣ್ಣದ ಸೀರೆ ಉಟ್ಟರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಎಂದರೂ ತಪ್ಪಿಲ್ಲ. ಇಪ್ಪತ್ತು ವರ್ಷದ ಪಕ್ಕದವನಿಗೆ ಇಲ್ಲದ ನಗು ನೆನ್ನೆ ಮೊನ್ನೆ ಬಂದವಳಿಗೆ.

ಹೀಗೆ ಮೂರು ವರ್ಷ. ಹನ್ನೊಂದು ಕೋಶಗಳ ಮೇಲೆ ಹುಡುಗಿಯ ಪ್ರಯೋಗ ಮುಗಿಯಿತು. ಹನ್ನೊಂದರಲ್ಲೂ ಎರಡೆರಡು ಚುಕ್ಕಿ ಒಂದೇ ಕೊಂಬೆಯ ಮೇಲೆ ಎಂದು ಗೆರೆಯಮ್ಮನ ಚಿತ್ರ ಹೇಳಿತ್ತು. ಹತ್ತು ಕೋಶಗಳಲ್ಲಿ ಕೊಂಬೆ ಎದ್ದು ಕೂಗಿತು. ಏಳನೆಯದರಲ್ಲಿ ಕೂಗಲಿಲ್ಲ. ಇದಿಷ್ಟು ಅದಿಷ್ಟು ಎಂದು ಸುಮ್ಮನೆ ಕೂಡಿಕೊಂಡಿತು, ಅಷ್ಟೇ. ಒಂದೇ ಕೊಂಬೆಯ ಮೇಲೆ ಹತ್ತಿರದಲ್ಲೇ ಇದ್ದೂ ಎರಡು ಸಂಕೇತಗಳು ಒಂದಕ್ಕೊಂದು ಪರಿಚಯವಿಲ್ಲದವರ ಹಾಗೆ ನಡೆದುಕೊಂಡಿದ್ದವು.

ದೊಡ್ಡ ಡಾಕ್ಟರು ಹುಡುಗಿಯನ್ನು ಕರೆದು ಮಾತಾಡಿದರು. ಇನ್ನು ಮೂರು ತಿಂಗಳಿಗೆ ಅವಳ ಅವಧಿ ಮುಗಿಯುತ್ತಿತ್ತು. ಫಲಿತಾಂಶ ಗಟ್ಟಿಯಾಗಿ ನಿಂತರೆ ಇಲ್ಲೇ ಮೂರು ವರ್ಷದ ಹುದ್ದೆ, ನಿಲ್ಲದಿದ್ದರೆ ಬೇರೆ ಊರಿನ ಲ್ಯಾಬು ನೋಡಿಕೊಳ್ಳಬೇಕು. "ಆ ಏಳನೇದಕ್ಕೆ ಏನಾದ್ರೂ ಗತಿ ಕಾಣಿಸಮ್ಮ" ಎಂದರಂತೆ. ಜೊತೆಯವರೂ ಅಷ್ಟೇ. ಹನ್ನೊಂದರಲ್ಲಿ ಒಂದು ತಾನೆ, ಕೈಬಿಡು, ಯಾರು ಕೇಳ್ತಾರೆ.

ಹುಡುಗಿ ಆ ಗಾಜು ಹಿಡಿದುಕೊಂಡು ಗೆರೆಯಮ್ಮನ ಕೋಣೆಗೆ ಬಂದಳು. ನಾನು ಆಗ ಅಲ್ಲೇ ಲೆನ್ಸ್ ಒರೆಸುವ ಕಾಗದ ಇಸಿದುಕೊಳ್ಳಲು ನಿಂತಿದ್ದೆ.

"ಚಿಕ್ಕಮ್ಮ, ಏಳನೇದು ಇನ್ನೊಂದ್ಸಲ ನೋಡ್ತೀರಾ? ಎರಡು ಚುಕ್ಕಿ ನಡುವೆ ಒಂದು ಕೂಡಿಕೆ ಇದೆ. ನೀವು ಕವಲು ಅಂತ ಬರ್ದಿದೀರಿ. ಅದು ದಾಟೇನಾದ್ರೂ ಆಗಿರ್ಬಹುದಾ?"

ದಾಟಾಗಿದ್ದರೆ ಎರಡು ಚುಕ್ಕಿ ಎರಡು ಬೇರೆ ಕೊಂಬೆಯವು. ಬೇರೆ ಕೊಂಬೆಯಾದರೆ ಸುಮ್ಮನೆ ಕೂಡಿಕೊಂಡದ್ದು ನ್ಯಾಯವೇ. ಏಳನೆಯದು ತೊಡಕಾಗುವ ಬದಲು ಸಾಕ್ಷಿಯಾಗುತ್ತದೆ. ಹುಡುಗಿ ಉಳಿಯುತ್ತಾಳೆ. ಇಷ್ಟೂ ಗೆರೆಯಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

"ನಾಳೆ ಹೇಳ್ತೀನಿ" ಅಂದರು.

ಆ ಇಡೀ ಮಧ್ಯಾಹ್ನ ಆಚೆ ಕೋಣೆಯಲ್ಲಿ ತಿರುಪಿನ ಸಣ್ಣ ಸದ್ದು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಸಂಜೆ ನಾಲ್ಕರ ಹೊತ್ತಿಗೆ ನನ್ನ ಬಾಗಿಲಿಗೆ ಬಂದು ನಿಂತರು. ಮುಖ ಬಿಳಚಿಕೊಂಡಿತ್ತು.

"ಏನ್ರೀ, ಒಂದು ನಿಮಿಷ ಬಂದು ಇದನ್ನ ನೋಡ್ತೀರಾ?"

ಆ ದಿನ ನನ್ನ ಯಂತ್ರ ಕೆಟ್ಟು ನನ್ನ ತಲೆಯೂ ಕೆಟ್ಟಿತ್ತು. "ನಿಮ್ಮ ಕಣ್ಣಿಗೆ ಕಾಣದ್ದು ನನಗೇನ್ರೀ ಕಾಣತ್ತೆ? ನನ್ನ ಕೆಲಸನೇ ಕುತ್ತಿಗೆಗೆ ಬಂದಿದೆ. ಹೋಗ್ರೀ" ಎಂದು ರೇಗಿದೆ. ಅವರು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೋದರು. ಯಾರಾದರೂ ತಡೆಯಲಿ ಎಂದು ಬಂದಿದ್ದರು. ನನಗೆ ಅದು ಹೊಳೆಯುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಇವತ್ತಿಗೂ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಅವರು ಹೊಸ ಚಿತ್ರ ಕೊಟ್ಟರು. ಏಳನೆಯ ಕೋಶ, ಆ ಕೂಡಿಕೆಯಲ್ಲಿ ಅರ್ಧ ಮಿಲಿಮೀಟರ್ ಖಾಲಿ.

"ದಾಟೇ ಕಣೇ" ಅಂದರು. ದನಿ ಬಹಳ ಗೆಲುವಾಗಿತ್ತು, ಬೇಕಾದ್ದಕ್ಕಿಂತ ಹೆಚ್ಚು. "ಆವಾಗ ನನ್ನ ಕಣ್ಣಿಗೆ ಏನು ಮಂಕು ಕವಿದಿತ್ತೋ."

ಹುಡುಗಿ ಕುಣಿದಾಡುತ್ತಾಳೆ ಎಂದುಕೊಂಡೆ. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಚೆನ್ನಾಗಿ ನೋಡಿದ್ರಾ ಚಿಕ್ಕಮ್ಮ?"

"ನೋಡ್ದೆ."

"ಮೂರು ಸಲ?"

"ಮೂರು ಸಲಾನೂ ನೋಡ್ದೆ. ಯಾಕೆ, ನನ್ನ ಮೇಲೆ ನಂಬಿಕೆ ಇಲ್ವಾ?"

"ಇದೆ" ಎಂದು ಹೇಳಿ ಕಾಗದ ಮಡಚಿಕೊಂಡು ಹೋದಳು.

ಆ ಭಾನುವಾರ ಹುಡುಗಿ ಬಟ್ಟೆ ಒಗೆಯಲು ಬರಲಿಲ್ಲ. ಗೆರೆಯಮ್ಮ ಇಬ್ಬರಿಗೆ ಅಡಿಗೆ ಮಾಡಿ ಮೂರು ಗಂಟೆಯವರೆಗೆ ಕಾದು, ಉಣ್ಣದೆ ಎತ್ತಿಟ್ಟರಂತೆ. ಇದನ್ನು ಅವರೇ ಆಮೇಲೆ ನನಗೆ ಹೇಳಿದ್ದು. ಸೋಮವಾರ ಬೆಳಿಗ್ಗೆ ಅವರು ನನ್ನ ಕೋಣೆಯಲ್ಲಿ ನಿಂತು, ಹುಡುಗಿಗೆ ಜ್ವರವೇನಾದರೂ ಬಂದಿದೆಯಾ ಎಂದು ಕೇಳುತ್ತಿರುವಾಗಲೇ ಅವಳು ಬಂದಳು. ಅಳುವಿನಿಂದ ಕಣ್ಣು ಊದಿತ್ತು. ಎರಡೂ ಚಿತ್ರಗಳನ್ನು ನನ್ನ ಮೇಜಿನ ಮೇಲೆ ಇಟ್ಟಳು, ಹಳೆಯದು ಮತ್ತು ಹೊಸದು.

"ಮೇಡಂ, ಇದು ಕವಲೇ."

ಮೇಡಂ ಎಂದಳು.

"ನಿಮ್ಮನ್ನ ಕೇಳೋಕೆ ಮುಂಚೆನೇ ನಾನು ಮೂರು ದಿನ ಕೂತು ನೋಡಿದ್ದೆ. ಎಷ್ಟು ತಿರುಗಿಸಿದ್ರೂ ಎಲ್ಲ ಎಳೆನೂ ಒಟ್ಟಿಗೇ ಸ್ಪಷ್ಟ ಆಗ್ತಿತ್ತು. ನನಗೆ ಗೊತ್ತಿತ್ತು ಅದು ಕವಲು ಅಂತ."

"ಹಂಗಾದ್ರೆ ಯಾಕೆ ಕೇಳಿದೆ?" ಎಂದರು ಗೆರೆಯಮ್ಮ.

"ದೊಡ್ಡ ಡಾಕ್ಟ್ರು ಗತಿ ಕಾಣಿಸು ಅಂದ್ರು. ಜೊತೇಲಿರೋರು ಬಿಟ್ಹಾಕು ಅಂದ್ರು. ನಮ್ಮಪ್ಪ ಕೂಡ, ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯಾ ಅಂದ್ರು. ನನಗೇ ಆಸೆ ಹುಟ್ಟೋಕೆ ಶುರುವಾಗಿತ್ತು, ದಾಟು ಅಂತಲೇ ಬರೆದುಬಿಡೋಣ ಅಂತ. ನೀವಾದ್ರೂ ಇಲ್ಲ ಅಂತೀರಿ ಅಂದ್ಕೊಂಡಿದ್ದೆ. ನೀವು ಇಲ್ಲ ಅಂದ್ರೆ ಸಾಕು, ನಾನು ಗಟ್ಟಿಯಾಗ್ತೀನಿ ಅಂತ ಬಂದೆ."

"ನಿನಗೋಸ್ಕರ ಮಾಡ್ದೆ ಕಣಮ್ಮ. ನೀನು ಹೊರಟುಹೋಗ್ತೀಯಲ್ಲ ಅಂತ ಭಯ ಆಯ್ತು."

"ಗೊತ್ತು" ಎಂದಳು ಹುಡುಗಿ. ಕೋಪದಿಂದ ಹೇಳಿದ್ದರೆ ಚೆನ್ನಾಗಿತ್ತು. "ಆದ್ರೆ ಉಳಿದ ಹತ್ತು? ಅದರಲ್ಲೂ ನನಗೋಸ್ಕರ ಎಷ್ಟು ಮಾಡಿದೀರೋ ಅಂತ ನಾನು ಹೇಗೆ ತಿಳ್ಕೊಳ್ಲಿ?"

ಉಳಿದವು ಸರಿ ಎಂದು ಗೆರೆಯಮ್ಮ ಹೇಳಿದರೂ ಅದಕ್ಕೆ ಯಾವ ಬೆಲೆ? ನಮ್ಮ ಕೆಲಸದಲ್ಲಿ ಒಂದು ಗೆರೆ ಸುಳ್ಳು ಎಂದ ಮೇಲೆ ಆ ಕೈ ಬರೆದದ್ದೆಲ್ಲ ಮತ್ತೆ ಬರೆಯಬೇಕು, ಬೇರೆಯವರು. ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಹೊಸ ಚಿತ್ರವನ್ನು ತೆಗೆದುಕೊಂಡು, ಖಾಲಿ ಬಿಟ್ಟ ಜಾಗದ ಮೇಲೆ ಪೆನ್ಸಿಲಿನಿಂದ ಗೆರೆ ಜೋಡಿಸಿ, ಕೆಳಗೆ ತಪ್ಪು ನನ್ನದು ಎಂದು ಬರೆದು ಸಹಿ ಹಾಕಿ ಕೊಟ್ಟರು. ಹುಡುಗಿ ಎರಡೂ ಕಾಗದ ಎತ್ತಿಕೊಂಡು ಹೋದಳು. ಗೆರೆಯಮ್ಮ ಮಧ್ಯಾಹ್ನವೇ ರಜೆ ಚೀಟಿ ಬರೆದಿಟ್ಟು ಮನೆಗೆ ಹೊರಟರು. ನಾನು ಬಾಗಿಲವರೆಗೆ ಹೋದೆ. ಏನು ಹೇಳಬೇಕೋ ತಿಳಿಯದೆ, "ಕೊಡೆ ತಗೊಂಡ್ರಾ?" ಎಂದು ಕೇಳಿದೆ. ಹೊರಗೆ ಸುಡು ಬಿಸಿಲಿತ್ತು.

ಹುಡುಗಿ ಒಳ್ಳೆಯವಳು. ಗೆರೆಯಮ್ಮ ಸಹಿ ಮಾಡಿದ ಕಾಗದವನ್ನು ಅವಳು ದೊಡ್ಡ ಡಾಕ್ಟರಿಗೆ ತೋರಿಸಲಿಲ್ಲ. ಹನ್ನೊಂದನ್ನೂ ಇನ್ನೊಬ್ಬರಿಂದ ಬರೆಸಿ ತಾಳೆ ನೋಡಬೇಕು ಎಂದಷ್ಟೇ ಕೇಳಿದಳು. ಇನ್ನೊಬ್ಬರು ಯಾರಿದ್ದಾರೆ? ಗ್ರಹಚಾರ ನನ್ನ ತಲೆಗೆ ಬಂತು. "ನಿಮ್ಮ ಕೈ ನಡುಗಲ್ಲ, ಕೂತ್ಕೊಳ್ರೀ" ಎಂದರು ದೊಡ್ಡ ಡಾಕ್ಟರು.

ಆರು ವಾರ ಹಿಡಿಯಿತು. ಗೆರೆಯಮ್ಮನ ಕುರ್ಚಿಯಲ್ಲಿ, ಗೆರೆಯಮ್ಮನ ಕೊಳವೆಯಲ್ಲಿ ಕಣ್ಣಿಟ್ಟು ಬರೆದೆ. ಮೊದಲ ವಾರ ಎಲ್ಲರನ್ನೂ ಬೈದೆ, ಇಲಿಗಳನ್ನೂ ಬಿಡಲಿಲ್ಲ. ಆಮೇಲೆ ಬೈಗುಳ ತಾನಾಗಿ ನಿಂತಿತು. ಆ ಕುರ್ಚಿಯಲ್ಲಿ ಕೂತರೆ ಹೊರಗಿನ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಕಪ್ಪು ಕೊಂಬೆ, ಅದರ ಹಿಂದೆ ನಮ್ಮ ಬೆರಳು, ಅಷ್ಟೇ ಲೋಕ. ತಲೆ ಎತ್ತಿದಾಗ ಯಾರಾದರೂ ಒಂದು ಮಾತು ಆಡಿಸಲಿ ಎಂದು ಜೀವ ಹಂಬಲಿಸುತ್ತದೆ. ಇಪ್ಪತ್ತೆರಡು ವರ್ಷ ಅವರು ದಿನವೂ ಹಾಗೆ ತಲೆ ಎತ್ತಿದಾಗ ಹಲಗೆಯ ಈಚೆಯಿಂದ ನನ್ನ ಬೈಗುಳ ಕೇಳಿಸುತ್ತಿತ್ತು. ನನಗೆ ಅಳು ಬಂತು. ಐವತ್ತೇಳು ವರ್ಷದ ಗಂಡಸು, ಲೆನ್ಸ್ ಒರೆಸುವ ಕಾಗದದಲ್ಲಿ ಕಣ್ಣು ಒರೆಸಿಕೊಂಡೆ.

ನನ್ನ ಹಾಳೆಯನ್ನೂ ಅವರ ಹಾಳೆಯನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದೆವು. ಹತ್ತೂ ಚಿತ್ರಗಳು ಕೂಡಿಕೆಗೆ ಕೂಡಿಕೆ ತಾಳೆಯಾದವು. ಎರಡು ಕಡೆ ಮಾತ್ರ ವ್ಯತ್ಯಾಸ ಬಂತು, ಮತ್ತೆ ನೋಡಿದರೆ ಎರಡೂ ನನ್ನ ತಪ್ಪು. ಏಳನೆಯದು ಕವಲೇ, ಅವರು ಮೊದಲು ಬರೆದಂತೆಯೇ.

ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಬರೆದು ಒಪ್ಪಿಸಿದಳು. ಹತ್ತು ಕೊಂಬೆ ಕೂಗಿದವು, ಒಂದು ಕೂಗಲಿಲ್ಲ, ಯಾಕೆ ಕೂಗಲಿಲ್ಲವೋ ಗೊತ್ತಿಲ್ಲ. ಪರೀಕ್ಷೆ ಮಾಡಲು ಬಂದವರು ಬೇರೆಲ್ಲ ಬಿಟ್ಟು ಆ ಏಳನೆಯದರ ಬಗ್ಗೆಯೇ ಒಂದು ಗಂಟೆ ಕೇಳಿದರಂತೆ. ಆ ಕೊಂಬೆಯನ್ನು ಸುಮ್ಮನಿರಿಸುವ ಇನ್ನೇನೋ ಅದರ ಮೇಲೆ ಬಂದು ಕೂಡುತ್ತಿರಬಹುದು, ಮುಂದೆ ಅದನ್ನೇ ಹುಡುಕು ಎಂದರು. ಮೂರು ವರ್ಷದ ಹುದ್ದೆ ಅವಳಿಗೆ ಸಿಕ್ಕಿತು, ನಮ್ಮಲ್ಲೇ, ಅದೇ ಮಹಡಿಯಲ್ಲೇ. ಸುಳ್ಳಿನ ಅಗತ್ಯವೇ ಇರಲಿಲ್ಲ.

ಇಷ್ಟನ್ನು ಗೆರೆಯಮ್ಮನಿಗೆ ಯಾರು ಹೇಳಬೇಕು? ಅವರ ರಜೆ ಇನ್ನೂ ಮುಗಿದಿರಲಿಲ್ಲ. ಹೆಂಡತಿ ಚೀಟಿಯಲ್ಲಿ ವಿಳಾಸ ಬರೆದು ಕೈಗಿಟ್ಟಳು, ಕಚೇರಿಗೆ ಫೋನ್ ಮಾಡಿ ಅವಳೇ ಕೇಳಿಕೊಂಡಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆ. ಮೆಟ್ಟಿಲು ಕಡಿದಾಗಿತ್ತು. ಒಳಗೆ ಒಂದು ಮಂಚ, ಒಂದು ಕಪಾಟು, ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಅವರೊಬ್ಬರದೇ ಬಟ್ಟೆ. ನನ್ನನ್ನು ನೋಡಿ ಗಾಬರಿಯಾಗಿ, ಯಾರಿಗೇನಾಯ್ತು ಎಂದು ಕೇಳಿದರು. ಅವರ ಮನೆಗೆ ಯಾರಾದರೂ ಬಂದರು ಎಂದರೆ ಏನೋ ಆಗಿರಲೇಬೇಕು.

ಕೂತುಕೊಂಡು ಎಲ್ಲ ಹೇಳಿದೆ. ಹತ್ತೂ ತಾಳೆಯಾದದ್ದು, ನನ್ನ ಎರಡು ತಪ್ಪು, ಪರೀಕ್ಷೆ, ಹುದ್ದೆ. ಅವರು ಮಂಚದ ತುದಿಯಲ್ಲಿ ಕೂತು ಕೇಳಿದರು.

"ಇಲ್ಲೇ ಇರ್ತಾಳಾ?"

"ಇಲ್ಲೇ. ಇನ್ನೂ ಮೂರು ವರ್ಷ."

"ಹತ್ತೂ ಸರಿ ಇದ್ವು ಅಂತ ಅವಳಿಗೆ ಹೇಳಿದ್ರಾ?"

"ಹೇಳ್ದೆ. ಹಾಳೆ ಕೊಟ್ಟು, ಗೆರೆಯಮ್ಮಂದು ಹತ್ತೂ ಅಚ್ಚುಕಟ್ಟಾಗಿದೆ ಕಣಮ್ಮ ಅಂದೆ."

"ಏನಂದ್ಲು?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ನಿಮ್ಮನ್ನ ಕೇಳಿದಳು ಅನ್ನಬಹುದಿತ್ತು, ಮುಂದಿನ ಭಾನುವಾರ ಬರ್ತೀನಿ ಅಂದಳು ಅನ್ನಬಹುದಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿ ಅಂದ್ಲು" ಎಂದೆ.

"ಸರಿ ಅಂತ?"

"ಹೂಂ. ಸರಿ ಸಾರ್, ಥ್ಯಾಂಕ್ಸ್ ಅಂದು ಹಾಳೆ ಇಸ್ಕೊಂಡ್ಲು. ಅಷ್ಟೇ."

ಕೆಳಗೆ ಅಂಗಡಿಯಲ್ಲಿ ಯಾರೋ ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದರು.

"ಬೈದಿದ್ರೆ ಚೆನ್ನಾಗಿತ್ತು ಕಣ್ರೀ" ಎಂದರು ಗೆರೆಯಮ್ಮ. "ನನ್ನವಳಾಗಿದ್ರೆ ಬೈತಿದ್ಲು. ಮನೆಗೆ ಬಂದು ಕೂಗಾಡ್ತಿದ್ಲು, ಹಿಂಗ್ಯಾಕೆ ಮಾಡಿದ್ರಿ ಚಿಕ್ಕಮ್ಮ ಅಂತ ಜಗಳ ತೆಗೀತಿದ್ಲು. ಸರಿ ಅನ್ನೋದು ಹೊರಗಿನೋರಿಗೆ."